ಟೈಟಲ್ ಕಾರ್ಡಲ್ಲಿ ಬಿಟ್ಟುಹೋದ ಒಂದು ಸಾಲು

ಎಂಟು ವರ್ಷದ ಹಿಂದೆ ನಾವು ನಾಲ್ಕು ಜನ ಗೆಳೆಯರು ಸೇರ್ಕೊಂಡು ತಿಪಟೂರಿನ ಹತ್ರ ಒಂದು ಹಳ್ಳೀಲಿ 22 ನಿಮಿಷದ ದೆವ್ವದ ಪಿಕ್ಚರ್ ಒಂದನ್ನ ತೆಗೆದ್ವಿ. ಮನೆ ಗೆಳೆಯನ ಅಜ್ಜೀದು. ಹಳೇ ತೊಟ್ಟಿಮನೆ, ಪಾಲು ಆಗಿ ಇನ್ನೊಂದು ತಿಂಗಳಲ್ಲಿ ಕೆಡವ್ತಾರೆ ಅಂತ ತೀರ್ಮಾನ ಆಗಿತ್ತು, ಹಾಗಾಗಿ ಬಾಗಿಲಿಗೆ ಮೊಳೆ ಹೊಡೆದ್ರೂ ಗೋಡೆಗೆ ಮಸಿ ಬಳಿದ್ರೂ ಕೇಳೋರು ಯಾರೂ ಇರ್ಲಿಲ್ಲ. ರಕ್ತಕ್ಕೆ ಅಂತ ಬೆಲ್ಲದ ಪಾಕಕ್ಕೆ ಕೆಂಪು ಬಣ್ಣ ಕಲಸಿ ಇಟ್ಕೊಂಡಿದ್ವಿ. ಹೆಣವಾಗಿ ಮಲಗಬೇಕಾದ ಗೆಳೆಯನ ಕುತ್ತಿಗೆಗೆ ಅದನ್ನ ಧಾರಾಳವಾಗಿ ಸವರಿ, ಲೈಟು ಸರಿಮಾಡ್ಕೊಂಡು ಕ್ಯಾಮೆರಾ ಹತ್ರ ಬರೋಷ್ಟರಲ್ಲಿ ಇರುವೆ ಸಾಲು ಹಿಡಿದು ಬಂದ್ಬಿಟ್ಟಿದ್ವು, ಕೆಂಪಿರುವೆ, ಕಚ್ಚೋವು. ಅವನು ಅಲ್ಲಾಡ್ಲಿಲ್ಲ. ನಾನು ಕಟ್ ಅನ್ನೋವರೆಗೂ ಕಣ್ಣು ಮುಚ್ಕೊಂಡು ಉಸಿರು ಬಿಗಿಹಿಡ್ಕೊಂಡು ಮಲಗಿದ್ದ, ಅಂದಮೇಲೆ ಎದ್ದು ಬಾವಿ ಕಡೆ ಓಡ್ದ. ಆ ಶಾಟಲ್ಲಿ ಇರುವೆ ಕುತ್ತಿಗೆ ಮೇಲೆ ನಿಧಾನಕ್ಕೆ ಹತ್ತೋದು ಕಾಣುತ್ತೆ, ಇಡೀ ಪಿಕ್ಚರಲ್ಲಿ ನಿಜವಾಗ್ಲೂ ಭಯ ಆಗೋದು ಅದೊಂದೇ.

ಆ ರಾತ್ರಿ ಅದೇ ಮನೆ ಜಗಲಿ ಮೇಲೆ ಕೂತ್ಕೊಂಡು ಫೋನಲ್ಲಿ ನಾವು ನೋಡಿದ್ದು ಅಮೆರಿಕದ ಡೈರೆಕ್ಟರ್ ಜಾರ್ಜ್ ರೊಮೆರೋ ಅವ್ರ 'ನೈಟ್ ಆಫ್ ದ ಲಿವಿಂಗ್ ಡೆಡ್'. 1968ರ ಕಪ್ಪು ಬಿಳುಪು ಪಿಕ್ಚರ್, ಎದ್ದು ಬಂದು ಜನರನ್ನ ತಿನ್ನೋ ಹೆಣಗಳಿಂದ ತಪ್ಪಿಸ್ಕೊಳ್ಳೋಕೆ ಕೆಲವ್ರು ಒಂದು ತೋಟದ ಮನೇಲಿ ಬಾಗಿಲು ಹಾಕ್ಕೊಂಡು ಕೂತಿರೋ ಕಥೆ. ನೋಡೋಕೆ ದುಡ್ಡು ಕೊಡ್ಬೇಕಾಗಿರ್ಲಿಲ್ಲ, ಯೂಟ್ಯೂಬಲ್ಲೇ ಪೂರ್ತಿ ಇತ್ತು, ಒಂದಲ್ಲ ಹತ್ತಾರು ಕಾಪಿ. ಹೀಗೆ ಫ್ರೀಯಾಗಿ ಯಾಕಿದೆ ಅಂತ ಅವತ್ತು ತಲೆಗೇ ಬರ್ಲಿಲ್ಲ. ಆಮೇಲೆ ಗೊತ್ತಾದಾಗ ಹೊಟ್ಟೆ ಉರಿದುಹೋಯ್ತು, ಆ ಉರಿ ಇವತ್ತಿಗೂ ಆರಿಲ್ಲ, ಅದಕ್ಕೇ ಈ ಬರಹ.

ರೊಮೆರೋ ಹುಟ್ಟಿದ್ದು 1940ರಲ್ಲಿ, ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ. ಓದೋಕೆ ಅಂತ ಪಿಟ್ಸ್‌ಬರ್ಗ್‌ಗೆ ಬಂದವ್ರು ಅಲ್ಲೇ ಉಳ್ಕೊಂಡ್ರು. ಪಿಟ್ಸ್‌ಬರ್ಗ್ ಅಂದ್ರೆ ಆಗ ಉಕ್ಕಿನ ಕಾರ್ಖಾನೆಗಳ ಊರು, ಸಿನಿಮಾ ಊರಲ್ಲ. ಅಲ್ಲಿ ಗೆಳೆಯರ ಜೊತೆ 'ಲೇಟೆಂಟ್ ಇಮೇಜ್' ಅಂತ ಒಂದು ಸಣ್ಣ ಕಂಪನಿ ಮಾಡ್ಕೊಂಡು ಬಿಯರ್ ಜಾಹೀರಾತು, ಸೋಪಿನ ಪುಡಿ ಜಾಹೀರಾತು, ಕಾರ್ಖಾನೆಗಳಿಗೆ ಬೇಕಾದ ವಿಡಿಯೋ ಇಂಥವನ್ನೆಲ್ಲ ತೆಗೀತಿದ್ರು. ಅಮೆರಿಕದ ಮಕ್ಕಳು ಮೆಚ್ಚಿ ನೋಡ್ತಿದ್ದ ಮಿಸ್ಟರ್ ರಾಜರ್ಸ್ ಟಿವಿ ಕಾರ್ಯಕ್ರಮ ಬರ್ತಿದ್ದಿದ್ದೂ ಅದೇ ಊರಿಂದ, ಅದಕ್ಕೆ ಟಾನ್ಸಿಲ್ ಆಪರೇಷನ್ ಬಗ್ಗೆ ಒಂದು ತುಣುಕನ್ನೂ ರೊಮೆರೋ ಶೂಟ್ ಮಾಡ್ಕೊಟ್ಟಿದ್ರು. ನಾನೂ ಹೊಟ್ಟೆಪಾಡಿಗೆ ಕಂಪನಿ ವಿಡಿಯೋ ಎಡಿಟ್ ಮಾಡೋನೇ, ಪಂಪ್‌ಸೆಟ್ಟು, ಪೈಪು, ಅಪಾರ್ಟ್‌ಮೆಂಟು, ಹಾಗಾಗಿ ಅವ್ರ ಜೀವನದ ಈ ಭಾಗ ಓದ್ವಾಗ ನಮ್ಮೋರೇ ಯಾರೋ ಅನ್ನಿಸ್ತು. ಜಾಹೀರಾತಿನ ಕೆಲಸ ಕೈಗೆ ಒಂದು ಸ್ಪೀಡ್ ಕೊಡುತ್ತೆ, ಎರಡು ಸೆಕೆಂಡಲ್ಲಿ ಒಂದು ವಿಷಯ ಹೇಳಿ ಮುಗಿಸೋದು ಹೇಗೆ ಅಂತ ಕಲಿಸುತ್ತೆ, ಅವ್ರ ಪಿಕ್ಚರ್‌ಗಳ ಕಟಿಂಗ್ ನೋಡಿದ್ರೆ ಅದು ಗೊತ್ತಾಗುತ್ತೆ.

ಜಾಹೀರಾತು ಮಾಡಿ ಬೇಜಾರಾದಾಗ ಹತ್ತು ಜನ ಸೇರಿ ತಲಾ 600 ಡಾಲರ್ ಹಾಕಿದ್ರು. ಒಟ್ಟು 6,000. ಹತ್ತು ಜನ ಅಂತಾನೇ ಆ ಹೊಸ ಕಂಪನಿಗೆ 'ಇಮೇಜ್ ಟೆನ್' ಅಂತ ಹೆಸರು. ಕೊನೇಗೆ ಅವ್ರಿವ್ರ ಹತ್ರ ಕೇಳಿ ಕೂಡಿಸಿ ಪಿಕ್ಚರ್ ಮುಗಿಯೋ ಹೊತ್ತಿಗೆ ಖರ್ಚು ಸುಮಾರು 1,14,000 ಡಾಲರ್ ಆಯ್ತು, ಹಾಲಿವುಡ್ಡಿನ ಲೆಕ್ಕದಲ್ಲಿ ಅದು ಏನೂ ಅಲ್ಲ. ರೊಮೆರೋ ಜೊತೆ ಕಥೆ ಬರೆದಿದ್ದು ಜಾನ್ ರೂಸೋ. ಊರಿಂದ ಸ್ವಲ್ಪ ದೂರ ಇವಾನ್ಸ್ ಸಿಟಿ ಅನ್ನೋ ಕಡೆ ಒಂದು ತೋಟದ ಮನೆ ಸಿಕ್ತು, ಅದೂ ಕೆಡವೋಕೆ ಇಟ್ಟಿದ್ದ ಮನೆ. (ಇದನ್ನ ಓದಿದ ದಿನ ನಮ್ಮ ಗ್ರೂಪಿಗೆ ವಾಟ್ಸಾಪ್ ಮಾಡಿದ್ದೆ, ನಾಲ್ಕು ಜನಾನೂ ಅರ್ಧ ಗಂಟೆ ಅದನ್ನೇ ಮಾತಾಡಿದ್ವಿ.) 1967ರ ಬೇಸಿಗೆಯಿಂದ ಚಳಿಗಾಲದವರೆಗೂ, ಜಾಹೀರಾತು ಕೆಲಸ ಬಂದಾಗ ಬಿಟ್ಟು ಮತ್ತೆ ಬಂದು, ಹಾಗೇ ಶೂಟ್ ಮಾಡಿದ್ರು. ರಕ್ತ ಅಂದ್ರೆ ಬಾಸ್ಕೋ ಅನ್ನೋ ಚಾಕೊಲೇಟ್ ಸಿರಪ್, ಕಪ್ಪು ಬಿಳುಪಲ್ಲಿ ಅದು ರಕ್ತದ ಹಾಗೇ ಕಾಣುತ್ತೆ. ಹೆಣಗಳು ತಿನ್ನೋ ಮಾಂಸ, ಕರುಳು ನಿಜವಾದ್ದೇ, ಮಾಂಸದ ವ್ಯಾಪಾರದೋರು ಒಬ್ರು ಕೊಟ್ಟಿದ್ದು. ನಿರ್ಮಾಪಕ ಕಾರ್ಲ್ ಹಾರ್ಡ್‌ಮನ್ನೇ ನೆಲಮಾಳಿಗೆಯ ಸಿಡುಕು ಯಜಮಾನ, ಅವ್ರ ಮಗಳೇ ಪಿಕ್ಚರಲ್ಲೂ ಮಗಳು, ಇನ್ನೊಬ್ಬ ನಿರ್ಮಾಪಕ ರಸ್ಸೆಲ್ ಸ್ಟ್ರೈನರ್ ಮೊದಲನೇ ಸೀನಲ್ಲೇ ಸಾಯೋ ಅಣ್ಣ. ದುಡ್ಡು ಹಾಕ್ದೋರು ಹೆಣದ ಮೇಕಪ್ ಹಾಕ್ಕೊಂಡು ಬಂದು ನಿಂತ್ರು. ನಮ್ಮೂರ ಕಡೆ ಕಂಪನಿ ನಾಟಕಗಳಲ್ಲಿ ಗೇಟಲ್ಲಿ ಟಿಕೆಟ್ ಹರಿದೋನೇ ಒಳಗೆ ಬಂದು ಮಂತ್ರಿ ಪಾರ್ಟು ಹಾಕ್ತಿದ್ದ ಅಂತ ನಮ್ಮಪ್ಪ ಹೇಳ್ತಾರಲ್ಲ, ಹಾಗೆ.

ಬೆನ್ ಅನ್ನೋ ಮುಖ್ಯ ಪಾತ್ರಕ್ಕೆ ಸಿಕ್ಕಿದ್ದು ಡ್ವೇನ್ ಜೋನ್ಸ್, ಕಪ್ಪು ವರ್ಣದ ನಟ. ಸ್ಕ್ರಿಪ್ಟಲ್ಲಿ ಬಣ್ಣದ ಮಾತೇ ಇರ್ಲಿಲ್ಲ, ಆಡಿಷನ್ ಕೊಟ್ಟೋರಲ್ಲಿ ಅವ್ರೇ ಚೆನ್ನಾಗಿ ಮಾಡಿದ್ರು, ಅದಕ್ಕೆ ತಗೊಂಡ್ವಿ ಅಂತ ರೊಮೆರೋ ಯಾವಾಗ್ಲೂ ಹೇಳ್ತಿದ್ರು. ಮೊದಲು ಬರೆದಿದ್ದ ಬೆನ್ ಒರಟು ಲಾರಿ ಡ್ರೈವರ್, ಜೋನ್ಸ್ ಓದಿ ಬೆಳೆದಿದ್ದ ಮನುಷ್ಯ, ಮಾತುಗಳನ್ನ ತಾವೇ ತಿದ್ದಿ ಆ ಪಾತ್ರಕ್ಕೆ ಒಂದು ಗಾಂಭೀರ್ಯ ತಂದ್ರು. ಪಾತ್ರ ಬದಲಾಯ್ತು ಆದ್ರೆ ಕಥೆ ಬದಲಾಗ್ಲಿಲ್ಲ. ಇಡೀ ರಾತ್ರಿ ಹೆಣಗಳ ಜೊತೆ ಹೋರಾಡಿ ಬದುಕುಳಿದ ಬೆನ್ ಬೆಳಗ್ಗೆ ಕಿಟಕಿ ಹತ್ರ ಬರ್ತಾನೆ, ಹೊರಗಡೆ ಬಂದೂಕು ಹಿಡ್ಕೊಂಡು ಬಂದಿರೋ ಬಿಳಿ ಜನರ ಗುಂಪು ಅವನನ್ನೂ ಹೆಣ ಅಂದ್ಕೊಂಡು ಹಣೆಗೆ ಗುಂಡು ಹೊಡೆಯುತ್ತೆ. ಆಮೇಲೆ ಪಿಕ್ಚರ್ ಓಡೋದೇ ನಿಂತುಹೋಗುತ್ತೆ, ಬರೀ ಸ್ಟಿಲ್ ಫೋಟೋಗಳು, ಪೇಪರಲ್ಲಿ ಬರೋ ಥರ ಚುಕ್ಕಿ ಚುಕ್ಕಿ. ಮಾಂಸದ ಕೊಕ್ಕೆ ಹಿಡಿದ ಕೈಗಳು, ಸತ್ತ ಬೆನ್‌ನ ಮುಖ, ಎಳ್ಕೊಂಡು ಹೋಗಿ ಕಟ್ಟಿಗೆ ಮೇಲೆ ಹಾಕೋದು. ಜಗಲಿ ಮೇಲೆ ಕೂತಿದ್ದ ನಾವು ನಾಲ್ಕೂ ಜನ ಆ ಫೋಟೋಗಳು ಮುಗಿಯೋವರೆಗೂ ಬಾಯಿ ಬಿಡ್ಲಿಲ್ಲ.

1968ರ ಏಪ್ರಿಲ್ 4ರ ರಾತ್ರಿ ರೊಮೆರೋ ಮತ್ತೆ ಸ್ಟ್ರೈನರ್ ಪ್ರಿಂಟನ್ನ ಕಾರಿನ ಡಿಕ್ಕೀಲಿ ಹಾಕ್ಕೊಂಡು ನ್ಯೂಯಾರ್ಕಿಗೆ ಹೊರಟಿದ್ರು, ಯಾರಾದ್ರೂ ಕೊಳ್ತಾರಾ ಅಂತ ತೋರ್ಸೋಕೆ. ದಾರೀಲಿ ರೇಡಿಯೋದಲ್ಲಿ ಸುದ್ದಿ ಬಂತು, ಕಪ್ಪು ಜನರ ಹಕ್ಕಿಗೆ ಹೋರಾಡ್ತಿದ್ದ ಮಾರ್ಟಿನ್ ಲೂಥರ್ ಕಿಂಗ್ ಅವ್ರನ್ನ ಗುಂಡಿಟ್ಟು ಕೊಂದ್ರು ಅಂತ. ಡಿಕ್ಕೀಲಿ ಇಂಥ ಕ್ಲೈಮ್ಯಾಕ್ಸ್ ಇರೋ ಪಿಕ್ಚರು. ಆ ಕಾರೊಳಗೆ ಇಬ್ರೂ ಹೇಗೆ ಕೂತಿದ್ರೋ ಅಂತ ನಾನು ಎಷ್ಟೋ ಸಲ ಯೋಚಿಸಿದೀನಿ.

ಹಾಲಿವುಡ್ಡಿನ ಕೊಲಂಬಿಯಾ ಸ್ಟುಡಿಯೋದೋರು ಬೇಡ ಅಂದ್ರು, ಕಪ್ಪು ಬಿಳುಪು ಅಂತ. ಇನ್ನೊಂದು ಕಂಪನಿ ಕೊನೇಲಿ ನಾಯಕ ಬದುಕಲಿ, ಆಗ ನೋಡೋಣ ಅಂತು. ರೊಮೆರೋ ಬದಲಾಯಿಸ್ಲಿಲ್ಲ. 28 ವರ್ಷದ ಹುಡುಗ, ಮೊದಲನೇ ಪಿಕ್ಚರ್, ಊರೋರ ದುಡ್ಡು ತಲೆ ಮೇಲೆ, ಅಂಥಾ ಹೊತ್ತಲ್ಲಿ ಇಲ್ಲ ಅನ್ನೋಕೆ ಎಂಥಾ ಗುಂಡಿಗೆ ಬೇಕು! ಕೊನೇಗೆ ವಾಲ್ಟರ್ ರೀಡ್ ಅನ್ನೋ ಸಂಸ್ಥೆ ತಗೊಳ್ತು. ಅಲ್ಲಿ ಆಗಿದ್ದೇ ಆ ಅನಾಹುತ.

ಪಿಕ್ಚರಿಗೆ ಮೊದಲಿದ್ದ ಹೆಸರು 'ನೈಟ್ ಆಫ್ ದ ಫ್ಲೆಷ್ ಈಟರ್ಸ್'. ಅದನ್ನ ಬದಲಾಯಿಸಬೇಕಾಯ್ತು, ಹಳೇ ಟೈಟಲ್ ಕಾರ್ಡ್ ತೆಗೆದು ಹೊಸದು ಹಾಕಿದ್ರು. ಕಾಪಿರೈಟ್ ಸಾಲು ಇದ್ದಿದ್ದು ಹಳೇ ಟೈಟಲ್ ಕಾರ್ಡಲ್ಲಿ, ಹೊಸದ್ರಲ್ಲಿ ಅದನ್ನ ಹಾಕೋದೇ ಮರೆತ್ರು. ಆಗಿನ ಅಮೆರಿಕದ ಕಾನೂನು ಏನಂದ್ರೆ, ಜನರ ಮುಂದೆ ಬರೋ ಪ್ರತಿಯಲ್ಲಿ ಕಾಪಿರೈಟ್ ಗುರುತು, ವರ್ಷ, ಮಾಲೀಕರ ಹೆಸರು ಇರ್ಬೇಕು, ಇಲ್ಲ ಅಂದ್ರೆ ಹಕ್ಕೇ ಹೋಯ್ತು, ಅದು ಊರಿನ ಆಸ್ತಿ. ಒಂದು ಸಾಲು ಕಣ್ರೀ. ಎಡಿಟಿಂಗ್ ಟೇಬಲ್ ಮೇಲೆ ಕೂತು ಟೈಟಲ್ ಹಾಕೋ ನನ್ನಂಥೋನಿಗೆ ಇದನ್ನ ಓದಿದ್ರೆ ಬೆನ್ನು ತಣ್ಣಗಾಗುತ್ತೆ. ಹೆಸರು ಚೇಂಜ್ ಆಯ್ತು, ಹೊಸ ಕಾರ್ಡ್ ಹಾಕು ಅಂತ ಫೋನ್ ಬರುತ್ತೆ, ನಾವು ಹಾಕಿ ಕಳಿಸ್ತೀವಿ, ದಿನಾ ಆಗೋ ಕೆಲಸ ಅದು. ಅಮೆರಿಕದಲ್ಲೇ 1989ರಿಂದ ಆ ಸಾಲು ಕಡ್ಡಾಯ ಅಲ್ಲ, ನಮ್ಮ ದೇಶದಲ್ಲಂತೂ ಬರೆದ ಕ್ಷಣಕ್ಕೇ ಹಕ್ಕು ಬರೆದೋನದ್ದು. ರೊಮೆರೋಗೆ ಇದ್ಯಾವುದೂ ಸಿಗ್ಲಿಲ್ಲ.

1968ರ ಅಕ್ಟೋಬರ್ 1ಕ್ಕೆ ಪಿಟ್ಸ್‌ಬರ್ಗ್‌ನಲ್ಲಿ ರಿಲೀಸ್ ಆಯ್ತು. ವಯಸ್ಸಿನ ರೇಟಿಂಗ್ ಪದ್ಧತಿ ಶುರುವಾಗಿದ್ದೇ ಮುಂದಿನ ತಿಂಗಳಿಂದ, ಅದರ ಹಿಡಿತಕ್ಕೆ ಈ ಪಿಕ್ಚರ್ ಸಿಗ್ಲಿಲ್ಲ, ಹಾಗಾಗಿ ಮ್ಯಾಟಿನಿಗೆ ಮಕ್ಕಳೆಲ್ಲ ಹೋಗಿ ಕೂತಿದ್ವು. ವಿಮರ್ಶಕ ರಾಜರ್ ಈಬರ್ಟ್ ಅಂಥ ಒಂದು ಶೋಗೆ ಹೋಗಿ, ಮೊದಲು ಕೇಕೆ ಹಾಕ್ತಿದ್ದ ಮಕ್ಕಳು ಕೊನೇಲಿ ಮಾತೇ ಇಲ್ಲದೆ ಅಳ್ತಾ ಕೂತಿದ್ದನ್ನ ಬರೆದಿದಾರೆ. ಪಿಕ್ಚರ್ ವರ್ಷಗಟ್ಟಲೆ ಓಡ್ತು. ಯಾರು ಬೇಕಾದ್ರೂ ಪ್ರಿಂಟ್ ಹಾಕಿದ್ರು, ಟಿವಿಯೋರು ಹಾಕಿದ್ರು, ಆಮೇಲೆ ಕ್ಯಾಸೆಟ್ಟು, ಡಿವಿಡಿ, ಈಗ ಯೂಟ್ಯೂಬು. ಸತ್ತೋರು ಎದ್ದು ಬರ್ತಾರೆ, ಬದುಕಿರೋರನ್ನ ತಿಂತಾರೆ, ಕಚ್ಚಿಸ್ಕೊಂಡೋನು ಅವ್ರಂತೆ ಆಗ್ತಾನೆ, ತಲೆಗೆ ಹೊಡೆದ್ರೆ ಮಾತ್ರ ಸಾಯ್ತಾರೆ, ಇದೆಲ್ಲ ಒಟ್ಟಿಗೆ ಒಂದು ಕಥೆಯಾಗಿ ಬಂದಿದ್ದು ಇಲ್ಲಿಂದ. ರಿಚರ್ಡ್ ಮ್ಯಾಥಿಸನ್ನರ ಒಂದು ಕಾದಂಬರಿ ತಮಗೆ ಪ್ರೇರಣೆ ಅಂತ ರೊಮೆರೋ ಮುಚ್ಚುಮರೆ ಇಲ್ದೆ ಒಪ್ಕೊಂಡಿದ್ರು. ಆ ಪಿಕ್ಚರಲ್ಲಿ ಜಾಂಬಿ ಅನ್ನೋ ಪದ ಒಂದು ಸಲಾನೂ ಬರಲ್ಲ. ಆದ್ರೂ ಇವತ್ತು ಪ್ರಪಂಚದ ಯಾವ ಮೂಲೇಲಿ ಯಾರು ಜಾಂಬಿ ಪಿಕ್ಚರ್ ಮಾಡಿದ್ರೂ, ಸೀರಿಯಲ್ ಮಾಡಿದ್ರೂ, ವಿಡಿಯೋ ಗೇಮ್ ಮಾಡಿದ್ರೂ ಅದರ ಬೇರು ಆ ಕೆಡವೋ ಮನೇಲಿದೆ, ಅದಕ್ಕೆ ಅವ್ರಿಗೆ ಸಿಕ್ಕಬೇಕಾದ ದುಡ್ಡು ಸಿಗ್ಲೇ ಇಲ್ಲ.

ಹಕ್ಕು ಇಲ್ದೇ ಇದ್ದಿದ್ದಕ್ಕೇ ಅಲ್ವಾ ಆ ಪಿಕ್ಚರ್ ಅಷ್ಟು ಜನಕ್ಕೆ ತಲುಪಿದ್ದು, ಒಂಥರಾ ಒಳ್ಳೇದೇ ಆಯ್ತು ಅಂತ ಒಬ್ಬ ಗೆಳೆಯ ವಾದ ಮಾಡ್ತಾನೆ. ತಲುಪಿದ್ದು ನಿಜ, ನನಗೂ ತಿಪಟೂರಿನ ಜಗಲಿ ಮೇಲೆ ಫ್ರೀಯಾಗೇ ತಲುಪಿತು. ಆದ್ರೆ ಒಳ್ಳೇದಾಯ್ತು ಅನ್ನೋಕೆ ನನಗೆ ಬಾಯಿ ಬರಲ್ಲ. ಅದರಲ್ಲಿ ಬರ್ಬೇಕಿದ್ದ ದುಡ್ಡು ಬಂದಿದ್ರೆ ಆ ಮನುಷ್ಯ ಆಮೇಲಿನ 40 ವರ್ಷ ಒಬ್ಬೊಬ್ಬರ ಬಾಗಿಲು ತಟ್ಟಬೇಕಾಗಿರ್ಲಿಲ್ಲ.

ಅದಾದ್ಮೇಲೆ ಮಾಡಿದ ಮೂರು ಪಿಕ್ಚರ್‌ಗಳೂ ಓಡ್ಲಿಲ್ಲ. ಸಾಲ. ಟಿವಿಗೆ ಆಟಗಾರರ ಬಗ್ಗೆ ಡಾಕ್ಯುಮೆಂಟರಿ ಮಾಡ್ಕೊಂಡು ದಿನ ತಳ್ಳಿದ್ರು. 1978ರ ಹೊತ್ತಿಗೆ 'ಮಾರ್ಟಿನ್' ಬಂತು, ಬ್ರಾಡಾಕ್ ಅನ್ನೋ ಪಾಳುಬೀಳ್ತಿದ್ದ ಉಕ್ಕಿನ ಊರಲ್ಲಿ ತೆಗೆದಿದ್ದು, ತಾನು ರಕ್ತಪಿಶಾಚಿ ಅಂತ ನಂಬಿರೋ ಒಬ್ಬ ಹುಡುಗನ ಕಥೆ. ಕೋರೆಹಲ್ಲಿಲ್ಲ, ಅವನ ಕೈಲಿರೋದು ಬ್ಲೇಡು, ಇಂಜೆಕ್ಷನ್ನು. ಅವರ ಪಿಕ್ಚರ್‌ಗಳಲ್ಲೆಲ್ಲ ತಮಗೆ ಇಷ್ಟ ಇದೇ ಅಂತ ಅವ್ರು ಹೇಳ್ತಿದ್ರು, ನನಗೂ ಇದೇ. ಕಾರ್ಖಾನೆ ಮುಚ್ಚಿದ ಊರು ಹೇಗಿರುತ್ತೆ ಅಂತ ಭದ್ರಾವತಿ ಕಡೆಯೋರಿಗೆ ನಾನು ಹೇಳ್ಬೇಕಾಗಿಲ್ಲ, ಆ ಬೀದಿ, ಆ ಖಾಲಿ ಖಾಲಿ ಮನೆ ನೋಡಿದ್ರೆ ಅವ್ರಿಗೆ ತಕ್ಷಣ ಗೊತ್ತಾಗುತ್ತೆ.

ಅದೇ ಹೊತ್ತಿಗೆ 'ಡಾನ್ ಆಫ್ ದ ಡೆಡ್'. ಇಟಲಿಯ ಡೈರೆಕ್ಟರ್ ಡಾರಿಯೋ ಅರ್ಜೆಂಟೋ ದುಡ್ಡಿಗೆ ಕೈ ಜೋಡಿಸಿದ್ರು, ರೊಮೆರೋನ ರೋಮಿಗೆ ಕರೆಸ್ಕೊಂಡು ಅಲ್ಲೇ ಕೂತು ಬರೀ ಅಂದ್ರು. ಕಥೆ ನಡೆಯೋದು ಮಾಲ್ ಒಳಗೆ. ಪಿಟ್ಸ್‌ಬರ್ಗ್ ಪಕ್ಕದ ಮನ್ರೋವಿಲ್ ಮಾಲು, ಅಂಗಡಿ ಮುಚ್ಚಿದ ಮೇಲೆ ರಾತ್ರಿ ಪೂರ್ತಿ ಶೂಟಿಂಗು, ಬೆಳಗ್ಗೆ ಏಳಕ್ಕೆ ಮಾಲಿನ ಮ್ಯೂಸಿಕ್ ತಾನಾಗೇ ಶುರುವಾದ ಕೂಡ್ಲೇ ಗಂಟುಮೂಟೆ ಕಟ್ಟಬೇಕು. ಕ್ರಿಸ್‌ಮಸ್ ಅಲಂಕಾರ ಹಾಕಿದಾಗ ಅದನ್ನ ದಿನಾ ತೆಗೆದು ಹಾಕೋಕೆ ಆಗಲ್ಲ ಅಂತ ಶೂಟಿಂಗೇ ನಿಲ್ಸಿ ಎಡಿಟ್ ಮಾಡ್ತಾ ಕೂತ್ರು. ಮೇಕಪ್ ಟಾಮ್ ಸಾವಿನಿ ಅವ್ರದ್ದು. ಅವ್ರು ಮೊದಲನೇ ಪಿಕ್ಚರಿಗೇ ಬರ್ಬೇಕಾಗಿತ್ತು, ಆದ್ರೆ ವಿಯೆಟ್ನಾಂ ಯುದ್ಧಕ್ಕೆ ಕರೆ ಬಂದು ಹೋದ್ರು, ಅಲ್ಲಿ ಸೈನ್ಯದ ಫೋಟೋಗ್ರಾಫರ್. ಅವ್ರು ಮಾಡೋ ಗಾಯಗಳು ಕಣ್ಣಾರೆ ಕಂಡ ಗಾಯಗಳು. ಸತ್ತ ಜನ ಎಸ್ಕಲೇಟರ್ ಮೇಲೆ ತೂರಾಡ್ಕೊಂಡು, ಶೋಕೇಸ್ ಗಾಜಿಗೆ ಮುಖ ಒತ್ಕೊಂಡು ನಿಂತಿರ್ತಾರೆ. ಯಾಕೆ ಇಲ್ಲಿಗೇ ಬರ್ತಾರೆ ಅಂತ ಒಬ್ಳು ಕೇಳಿದ್ರೆ ಇನ್ನೊಬ್ಬ, ಅಭ್ಯಾಸ ಬಲ, ಬದುಕಿದ್ದಾಗ ಇದು ಅವ್ರಿಗೆ ಮುಖ್ಯವಾದ ಜಾಗ ಆಗಿತ್ತು ಅನ್ನೋ ಅರ್ಥದಲ್ಲಿ ಉತ್ತರ ಕೊಡ್ತಾನೆ. ಭಾನುವಾರ ಸಂಜೆ ಬೆಂಗಳೂರಿನ ಯಾವುದೇ ಮಾಲಿಗೆ ಹೋದ್ರೂ ನನಗೆ ಆ ಮಾತು ನೆನಪಾಗುತ್ತೆ.

ಆಮೇಲೆ 1985ರ 'ಡೇ ಆಫ್ ದ ಡೆಡ್'. ಇದರಲ್ಲೇ ಆ ಮನುಷ್ಯ ಎಂಥೋರು ಅಂತ ನನಗೆ ಪೂರ್ತಿ ಅರ್ಥ ಆಗಿದ್ದು. ದೊಡ್ಡ ಸ್ಕ್ರಿಪ್ಟ್ ಬರೆದಿದ್ರು, ಸೈನ್ಯ, ದ್ವೀಪ, ನೂರಾರು ಜನ. ದುಡ್ಡು ಹಾಕೋರು ಹೇಳಿದ್ರು, ಸೆನ್ಸಾರ್ ರೇಟಿಂಗಿಗೆ ಒಗ್ಗೋ ಹಾಗೆ ಮಾಡಿದ್ರೆ 70 ಲಕ್ಷ ಡಾಲರ್, ಇಲ್ಲ ನನ್ನಿಷ್ಟದಂತೆ ತೆಗೀತೀನಿ ಅಂದ್ರೆ ಅದರ ಅರ್ಧ. ರೊಮೆರೋ ಅರ್ಧ ತಗೊಂಡ್ರು. ಸ್ಕ್ರಿಪ್ಟನ್ನ ತಾವೇ ಕೊಯ್ದು ಕೊಯ್ದು ಸಣ್ಣದು ಮಾಡಿ, ಪೆನ್ಸಿಲ್ವೇನಿಯಾದ ಒಂದು ಹಳೇ ಸುಣ್ಣಕಲ್ಲಿನ ಗಣಿಯೊಳಗೆ ಇಡೀ ಯುನಿಟ್ ಇಳಿಸಿದ್ರು. ಸೂರ್ಯನ ಬೆಳಕಿಲ್ಲ, ಜನಕ್ಕೆ ಹುಷಾರು ತಪ್ತಿತ್ತು. ಕೊನೇ ಸೀನಿಗೆ ಅಂತ ಇಟ್ಟಿದ್ದ ಹಂದಿ ಕರುಳಿನ ಫ್ರಿಜ್ಜಿನ ಪ್ಲಗ್ ಯಾರೋ ಕಿತ್ತಿಟ್ಟು ಎಲ್ಲ ಕೊಳೆತುಹೋಗಿತ್ತು, ಬೇರೆ ತರಿಸೋಕೆ ಟೈಮಿಲ್ದೆ ಮೂಗಿಗೆ ಹತ್ತಿ ತುರುಕ್ಕೊಂಡು ಅದರಲ್ಲೇ ತೆಗೆದ್ರು. ಅಷ್ಟೆಲ್ಲ ಹೊಲಸಿನ ಮಧ್ಯೆ ಬಬ್ ಅನ್ನೋ ಒಂದು ಹೆಣದ ಪಾತ್ರ ಇದೆ. ಸಂಕೋಲೆ ಹಾಕಿರೋ ಆ ಹೆಣಕ್ಕೆ ವಾಕ್‌ಮನ್ ಹೆಡ್‌ಫೋನ್ ಹಾಕ್ತಾರೆ, ಮ್ಯೂಸಿಕ್ ಕೇಳಿ ಅದರ ಮುಖದಲ್ಲಿ ಏನೋ ಒಂದು ಅರಳುತ್ತೆ, ಏನೋ ನೆನಪಾಗ್ತಿದೆ ಏನು ಅಂತ ಗೊತ್ತಾಗ್ತಿಲ್ಲ ಅನ್ನೋ ಥರ. ಬದುಕಿರೋರು ಒಬ್ರ ಮೇಲೊಬ್ರು ಕಿರುಚಾಡ್ತಾ ಇರ್ತಾರೆ, ಆ ಹೆಣ ಮಾತ್ರ ಹಾಡು ಕೇಳ್ತಾ ಇರುತ್ತೆ. ಪಿಕ್ಚರ್ ಥಿಯೇಟರಲ್ಲಿ ಅಷ್ಟಾಗಿ ಓಡ್ಲಿಲ್ಲ.

1990ರಲ್ಲಿ ಮೊದಲನೇ ಪಿಕ್ಚರನ್ನ ಕಲರಲ್ಲಿ ಮತ್ತೆ ಮಾಡಿದ್ರು, ಸಾವಿನಿ ಡೈರೆಕ್ಷನ್, ರೊಮೆರೋ ಸ್ಕ್ರಿಪ್ಟ್. ಕಳಕೊಂಡ ಹಕ್ಕಿಂದ ಬರದೇ ಹೋದ ದುಡ್ಡಲ್ಲಿ ಸ್ವಲ್ಪನಾದ್ರೂ ಹಳೇ ಗೆಳೆಯರಿಗೆಲ್ಲ ಸಿಗಲಿ ಅನ್ನೋದೂ ಅದರ ಹಿಂದಿತ್ತು. 1993ರಿಂದ 2000ದವರೆಗೆ ಅವ್ರದ್ದು ಒಂದೂ ಪಿಕ್ಚರ್ ಬರ್ಲಿಲ್ಲ. ಏಳು ವರ್ಷ! ಕೆಲಸ ಇರ್ಲಿಲ್ಲ ಅಂತಲ್ಲ, ಸ್ಟುಡಿಯೋಗಳಿಗೆ ಸ್ಕ್ರಿಪ್ಟ್ ಬರೆದು ಬರೆದು ಕೊಡ್ತಾನೇ ಇದ್ರು, ಯಾವುದೂ ಮುಂದೆ ಹೋಗ್ಲಿಲ್ಲ. ಜಾಂಬಿಗಳ ಒಂದು ದೊಡ್ಡ ವಿಡಿಯೋ ಗೇಮನ್ನ ಪಿಕ್ಚರ್ ಮಾಡೋಕೆ ಅಂತ ಇವ್ರ ಹತ್ರಾನೇ ಬರೆಸಿ, ಕೊನೇಗೆ ಬೇಡ ಅಂದು ಬೇರೆಯೋರ ಕೈಲಿ ಮಾಡಿಸಿದ್ರು. ಹೊಲ ಉತ್ತು ಬಿತ್ತಿದೋನನ್ನೇ ಕಣದ ಹತ್ರ ಬಿಟ್ಕೊಳ್ದೇ ಇದ್ದ ಹಾಗೆ. ಕಡೇ ವರ್ಷಗಳಲ್ಲಿ ಟೊರಾಂಟೋಗೆ ಹೋದ್ರು, ಅಲ್ಲಿಂದ ಇನ್ನೂ ಮೂರು ಹೆಣಗಳ ಪಿಕ್ಚರ್ ಬಂದ್ವು, ಅದರಲ್ಲಿ ಎರಡು ನನಗೆ ಅಷ್ಟಕ್ಕಷ್ಟೆ. 2017ರ ಜುಲೈ 16ಕ್ಕೆ ಶ್ವಾಸಕೋಶದ ಕ್ಯಾನ್ಸರಿಂದ ತೀರ್ಕೊಂಡ್ರು. ನಾವು ತಿಪಟೂರಲ್ಲಿ ಶೂಟ್ ಮಾಡಿದ್ದು ಅದಾದ್ಮೇಲೆ, ನನಗೆ ಆಗ ಆ ವಿಷಯಾನೂ ಗೊತ್ತಿರ್ಲಿಲ್ಲ.

ಅವ್ರು ತೀರ್ಕೊಂಡ ಮೇಲೆ ಒಂದು ಪಿಕ್ಚರ್ ಹೊರಗೆ ಬಂತು, 'ದ ಅಮ್ಯೂಸ್‌ಮೆಂಟ್ ಪಾರ್ಕ್'. 1973ರಲ್ಲಿ ಒಂದು ಚರ್ಚಿನ ಸೇವಾ ಸಂಸ್ಥೆಯೋರು ವಯಸ್ಸಾದೋರ ಕಷ್ಟದ ಬಗ್ಗೆ ಜನಕ್ಕೆ ತಿಳುವಳಿಕೆ ಕೊಡೋ ಪಿಕ್ಚರ್ ಮಾಡ್ಕೊಡಿ ಅಂತ ದುಡ್ಡು ಕೊಟ್ಟಿದ್ರು. ಕೂಲಿ ಕೆಲಸ ಅಂತಾನೇ ಅನ್ನಿ. ಅದನ್ನ ರೊಮೆರೋ ಎಷ್ಟು ಭಯಂಕರವಾಗಿ ಮಾಡಿದ್ರಂದ್ರೆ ಹೆಚ್ಚು ಜನ ನೋಡದೆ ಅದು ಎಲ್ಲೋ ಬಿದ್ದೋಯ್ತು. ಅವ್ರ ಹೆಂಡತಿ ಮುಂದೆ ನಿಂತು ಹಳೇ ಪ್ರಿಂಟನ್ನ ಸರಿ ಮಾಡಿಸಿದ್ರು, 2021ರಲ್ಲಿ ಎಲ್ರಿಗೂ ನೋಡೋಕೆ ಸಿಕ್ತು. ಹೆಣ ಇಲ್ಲ, ದೆವ್ವ ಇಲ್ಲ. ಬಿಳೀ ಸೂಟ್ ಹಾಕ್ಕೊಂಡ ಒಬ್ಬ ಮುದುಕ ಖುಷಿಯಿಂದ ಒಂದು ಅಮ್ಯೂಸ್‌ಮೆಂಟ್ ಪಾರ್ಕ್ ಒಳಗೆ ಹೋಗ್ತಾನೆ, ಒಂದೊಂದು ಆಟದ ಹತ್ರಾನೂ ಒಂದೊಂದು ಅವಮಾನ, ತಳ್ಳಾಟ, ಹೊಡೆತ.

ನನ್ನ ಪಿಕ್ಚರ್‌ಗಳನ್ನ ನಮ್ಮಪ್ಪ ಯಾವತ್ತೂ ಪೂರ್ತಿ ನೋಡಿದೋರಲ್ಲ, ಐದು ನಿಮಿಷಕ್ಕೆ ಎದ್ದು ಹೋಗಿ ರೇಡಿಯೋ ಹಾಕ್ಕೊಳ್ತಾರೆ. ಹೋದ ದೀಪಾವಳಿಗೆ ಊರಿಗೆ ಹೋದಾಗ ನಾನು ಇದನ್ನ ಲ್ಯಾಪ್‌ಟಾಪಲ್ಲಿ ನೋಡ್ತಾ ಕೂತಿದ್ದೆ, ಅವ್ರು ಬಂದು ಪಕ್ಕದಲ್ಲಿ ಕೂತ್ರು. ಇಂಗ್ಲಿಷು ಅಷ್ಟಾಗಿ ಅರ್ಥ ಆಗಲ್ಲ ಅವ್ರಿಗೆ. ಒಂದು ಕಡೆ ಆ ಮುದುಕ ಪೂರ್ತಿ ಸೋತು ಕೂತಿರ್ತಾನೆ, ಒಂದು ಪುಟ್ಟ ಹುಡುಗಿ ಹತ್ರ ಬಂದು ಕಥೆ ಪುಸ್ತಕ ಕೊಡುತ್ತೆ, ಅವನು ಓದೋಕೆ ಶುರು ಮಾಡ್ತಾನೆ. ಅಷ್ಟರಲ್ಲಿ ಅವಳ ಅಮ್ಮ ಗಂಟು ಕಟ್ಕೊಂಡು ಮಗೂನ ಎಳ್ಕೊಂಡು ಹೋಗ್ತಾಳೆ, ಮುದುಕ ಅಳ್ತಾನೆ. ಅಪ್ಪ ಕನ್ನಡಕ ತೆಗೆದು ಪಂಚೆ ತುದೀಲಿ ಒರೆಸಿ ಮತ್ತೆ ಹಾಕ್ಕೊಂಡ್ರು. ಮುಗಿಯೋವರೆಗೂ ಏಳಲಿಲ್ಲ.

ಮುಗಿದ ಮೇಲೆ "ಯಾರು ತೆಗೆದಿದ್ದು ಇದು?" ಅಂದ್ರು. ಹೇಳಿದೆ, ನೀನು ಯಾವಾಗ್ಲೂ ಹೇಳ್ತಿರ್ತೀಯಲ್ಲ ಆ ದೆವ್ವದ ಪಿಕ್ಚರಿನೋರಾ ಅಂದ್ರು, ಹೂಂ ಅಪ್ಪ ಅಂದೆ. ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದು, ಎದ್ದು ಒಳಗೆ ಹೋಗ್ತಾ ಹೋಗ್ತಾ, "ಆ ಕಥೆ ಒಂದು ಪೂರ್ತಿ ಓದ್ಸಿ ಕರ್ಕೊಂಡು ಹೋಗ್ಬಹುದಿತ್ತಲ್ಲೋ ಅವ್ಳು" ಅಂದ್ರು.